ಪಹಣಿ ಕಂಪ್ಯೂಟರಿಗೆ ಬಂದ ಮೇಲೆ



ಈ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನಾನು ಮುಂದೆ ಗ್ರಾಮಲೆಕ್ಕಿಗನಾದೆ. ಆಗ ಊರಿನ ಪಹಣಿಯೆಲ್ಲ ನನ್ನ ಕೈಬರಹದಲ್ಲಿತ್ತು. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ನನ್ನನ್ನೇ ಹುಡುಕಿಕೊಂಡು ಬರಬೇಕಿತ್ತು. ನಿಜ ಹೇಳುತ್ತೇನೆ, ಆ ಅಧಿಕಾರ ನನಗೂ ಹಿತವಾಗಿತ್ತು.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು, ಅದೂ ಕನ್ನಡದಲ್ಲಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕಾಯಿತು. ಬೇರೆ ರಾಜ್ಯಗಳು ಇದನ್ನು ಮಾದರಿಯೆಂದು ನೋಡಿದವು. ಕರ್ನಾಟಕದ ಹೆಸರು ಬೆಂಗಳೂರಿನ ಸಾಫ್ಟ್‌ವೇರಿನಿಂದಷ್ಟೇ ಅಲ್ಲ, ರೈತನ ಪಹಣಿಯಿಂದಲೂ ಹೊರಗೆ ಹೋಯಿತು.

ಆದರೆ ನನ್ನ ಪುಸ್ತಕದಲ್ಲಿದ್ದ ತಪ್ಪೂ ಹಾಗೆಯೇ ಕಂಪ್ಯೂಟರಿಗೆ ಹೋಯಿತು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯ ಹೆಸರನ್ನು ನಾನು ತಪ್ಪಾಗಿ ಬರೆದಿದ್ದೆ. ಅದನ್ನು ತಿದ್ದಿಸಲು ಆಕೆ ಎರಡು ವರ್ಷ ಅಲೆದರು. ಹೋದಲ್ಲೆಲ್ಲ ‘ಕಂಪ್ಯೂಟರಿನಲ್ಲಿ ಹೀಗೇ ಇದೆಯಲ್ಲಮ್ಮ’ ಎಂಬ ಉತ್ತರ. ತಪ್ಪು ನನ್ನದೆಂದು ಕೊನೆಗೆ ನಾನೇ ಬರೆದುಕೊಟ್ಟೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮಕ್ಕಳೇ, ನಿಮ್ಮಲ್ಲಿ ಕೆಲವರು ನಾಳೆ ಆ ಕಂಪ್ಯೂಟರಿನ ಮುಂದೆ ಕೂರುತ್ತೀರಿ. ಪರದೆಯನ್ನು ನೋಡುವ ಮೊದಲು ಎದುರು ನಿಂತವರ ಮಾತು ಕೇಳಿ. ಅವರಿಗೆ ಸರ್ಕಾರವೆಂದರೆ, ದೇಶವೆಂದರೆ, ಆ ಹೊತ್ತಿಗೆ ನೀವೇ.