ಇಳಿಯುವ ದಾರಿ ಅಗಲ, ಏರುವ ದಾರಿ ಕಿರಿದು
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಮೊಬೈಲಿನಿಂದ ನೇರಪ್ರಸಾರ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ಅದು ನನ್ನ ಪಾಲಿಗೆ ಕೇವಲ ಯಂತ್ರದ ವಿಷಯವಾಗಿ ಉಳಿದಿಲ್ಲ. 2020ರ ಮೇ ತಿಂಗಳಲ್ಲಿ, ರೈಲು ಬಸ್ಸುಗಳೆಲ್ಲ ನಿಂತಿದ್ದಾಗ, ಕುಂದಾಪುರದ ಸಮೀಪದ ನಮ್ಮ ಹಳ್ಳಿಯಲ್ಲಿ ತಾಯಿ ತೀರಿಕೊಂಡರು. ಹಿರಿಯ ಮಗನಾದ ನಾನು ಮುಲುಂದಿನ ಎರಡು ಕೋಣೆಗಳ ಮನೆಯಲ್ಲಿ ಕುಳಿತು ಅವರ ಅಂತ್ಯಕ್ರಿಯೆಯನ್ನು ನೋಡಿದ್ದು ತಂಗಿಯ ಮಗ ಹಿಡಿದ ಮೊಬೈಲಿನ ಮೂಲಕ. ತಮ್ಮ ಬೆಂಕಿ ಇಡುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಯಿತು. ಧ್ವನಿ ಮಾತ್ರ ಬರುತ್ತಿತ್ತು. "ಮಾವ, ಕಾಣತ್ತಾ?" ಎಂದು ಹುಡುಗ ಕೇಳಿದ. ಕಾಣುತ್ತಿದೆ ಎಂದೆ. ಕಾಣುತ್ತಿರಲಿಲ್ಲವೆಂದು ಇಂದಿಗೂ ಅವನಿಗೆ ಹೇಳಿಲ್ಲ.

ಹೀಗೇಕಾಯಿತೆಂದು ಅನಂತರ ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಮೊಬೈಲು ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಕಳುಹಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ. ನಡುವೆ, ಬದಲಾದ ಅಂಶ ಮಾತ್ರ. ನಿಶ್ಚಲವಾದ ಗೋಡೆಗೆ ಖರ್ಚು ಕಡಿಮೆ. ಬೆಂಕಿ, ಹೊಗೆ, ಗಾಳಿಗೆ ತೂಗುವ ತೆಂಗಿನ ಗರಿ, ಇವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಖರ್ಚು ಬಹಳ. ದಾರಿ ಸಾಲದಾದಾಗ ಚಿತ್ರ ನಿಲ್ಲುತ್ತದೆ. ಧ್ವನಿಗೆ ಬೇಕಾದುದು ಅಲ್ಪವಾದ್ದರಿಂದ ಅದು ನುಸುಳಿ ಬರುತ್ತದೆ.

ಮೊಬೈಲಿಗೆ ಎರಡು ದಾರಿಗಳು: ಗೋಪುರದಿಂದ ನಮ್ಮೆಡೆಗೆ ಇಳಿಯುವುದೊಂದು, ನಮ್ಮಿಂದ ಗೋಪುರಕ್ಕೆ ಏರುವುದೊಂದು. ದೊಡ್ಡ ಗೋಪುರ ಹತ್ತಾರು ವಾಟ್ ಶಕ್ತಿಯಿಂದ ಕೂಗಿದರೆ, ಸಾಮಾನ್ಯ 4ಜಿ ಮೊಬೈಲು ಕೂಗಬಲ್ಲುದು ಹೆಚ್ಚೆಂದರೆ ಸುಮಾರು 0.2 ವಾಟಿನಲ್ಲಿ. ಅದೂ ಸಾಲದೆಂಬಂತೆ, ಒಂದೇ ತರಂಗಪಟ್ಟಿಯನ್ನು ಸರದಿಯಂತೆ ಬಳಸುವ ಜಾಲಗಳಲ್ಲಿ ಹೆಚ್ಚಿನ ಪಾಲನ್ನು ಇಳಿಯುವ ದಾರಿಗೇ ಕೊಡುವುದು ವಾಡಿಕೆ. ಜನ ನೋಡುವುದು ಹೆಚ್ಚು, ತೋರಿಸುವುದು ಕಡಿಮೆ ಎಂಬ ಲೆಕ್ಕ. ಲೆಕ್ಕ ತಪ್ಪೆನ್ನಲಾರೆ. ಆದರೆ ಮುಂಬಯಿಯ ಸಿನಿಮಾ ನಮ್ಮ ಹಳ್ಳಿಗೆ ಇಳಿಯುವಷ್ಟು ಸರಾಗವಾಗಿ ಆ ಹಳ್ಳಿಯ ಒಂದು ಚಿತೆ ಮುಂಬಯಿಗೆ ಬಾರದು.

ಏರುವ ಈ ದಾರಿಗೆ ಅಧಿಕಾರಸ್ಥರು ಅಂಜುವುದೂ ಉಂಟು. ಸ್ವೀಡನ್ನಿನ ಬ್ಯಾಂಬ್ಯೂಸರ್ ಎಂಬ ಸೇವೆಯ ಮೂಲಕ 2012ರ ಫೆಬ್ರುವರಿಯಲ್ಲಿ ಸಿರಿಯಾದ ಹೋಮ್ಸ್ ನಗರದಿಂದ ದಟ್ಟ ಹೊಗೆಯ ದೃಶ್ಯ ಪ್ರಸಾರವಾಯಿತು. ಬೆನ್ನಿಗೇ ಆ ಸೇವೆಗೆ ಅಲ್ಲಿ ತಡೆ ಬಿದ್ದಿತು. ನಮ್ಮ ದೇಶದಲ್ಲಿ, ಅಂತರ್ಜಾಲವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿತು. ಆದರೂ ಜಮ್ಮು ಕಾಶ್ಮೀರದ ಬಹುತೇಕ ಜಿಲ್ಲೆಗಳಿಗೆ 4ಜಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ 2ಜಿಯ ವೇಗವೇ ಗತಿ. ಬಾಯಿ ಮುಚ್ಚಿಸಬೇಕಿಲ್ಲ, ದಾರಿಯನ್ನು ಇಕ್ಕಟ್ಟು ಮಾಡಿದರೆ ಸಾಕು.

ಹಾಗೆಂದು ಕಡಿವಾಣವೇ ಬೇಡವೆನ್ನಲು ನನಗೆ ಧೈರ್ಯವಿಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಆ ಹತ್ಯೆಯನ್ನು ಫೇಸ್‌ಬುಕ್ಕಿನಲ್ಲಿ ನೇರಪ್ರಸಾರ ಮಾಡಿದ್ದ. ಮೊದಲ 24 ಗಂಟೆಗಳಲ್ಲಿ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದೆವೆಂದು ಆ ಕಂಪನಿಯೇ ಹೇಳಿಕೊಂಡಿತು.

ಇನ್ನು ನಮ್ಮ ಸಂಘದ ಮಾತು. ರಾಜ್ಯೋತ್ಸವವನ್ನು ನೇರಪ್ರಸಾರ ಮಾಡಬೇಕೆಂದು ತರುಣರು, ಮಾಡಿದರೆ ಕುರ್ಚಿಗಳು ಖಾಲಿ ಉಳಿದಾವೆಂದು ಹಿರಿಯರು ವಾದಿಸುತ್ತಿದ್ದಾರೆ. (ಪ್ರಸಾರವಿಲ್ಲದ ವರ್ಷಗಳಲ್ಲೂ ಕುರ್ಚಿಗಳು ಖಾಲಿಯಾಗಿದ್ದುದನ್ನು ನಾನು ಕಂಡಿದ್ದೇನೆ.) ವಸಯಿ, ಡೊಂಬಿವಲಿಗಳಲ್ಲಿ ಮಂಡಿನೋವಿನಿಂದ ಮನೆ ಬಿಟ್ಟು ಹೊರಬರಲಾಗದ ಸದಸ್ಯರಿದ್ದಾರೆ, ನನ್ನ ಮತ ಅವರ ಪರ. ಒಂದು ಬೇಡಿಕೆಯುಂಟು. ಸಭಾಗೃಹ ತುಂಬಿದಾಗ ಅಷ್ಟೂ ಜನರ ಮೊಬೈಲುಗಳು ಒಂದೇ ಗೋಪುರಕ್ಕೆ ಜೋತುಬೀಳುತ್ತವೆ. ಆದುದರಿಂದ ವೇದಿಕೆಯ ಬಳಿಗೆ ತಂತಿಯ ಸಂಪರ್ಕವೊಂದನ್ನು ಎಳೆಸಿ, ಪ್ರಸಾರದ ಮೊಬೈಲನ್ನು ಅದಕ್ಕೆ ಸೇರಿಸಬೇಕು. ಹಾಗೆಯೇ ವರ್ಷಕ್ಕೊಮ್ಮೆಯಾದರೂ ಊರಿನಿಂದ ಇತ್ತ ಪ್ರಸಾರವಾಗುವಂತೆ, ನಮ್ಮ ಹಳ್ಳಿಯ ಶಾಲೆಗಳಿಗೂ ಇಂಥದೇ ಸಂಪರ್ಕಕ್ಕೆ ಸಂಘ ನೆರವಾಗಬೇಕು. ಖರ್ಚಿನ ಅಂದಾಜನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ಬರೆದು ಕೊಡುತ್ತೇನೆ.