ಬಸಿರಿನ ಮೊದಲ ಮೂರು ತಿಂಗಳು: ರಕ್ತ ಕಂಡರೆ ಏನು ಮಾಡಬೇಕು?

(ಮಗರಪಟ್ಟಾದಲ್ಲಿ ನಮ್ಮ ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



"ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ, ದೃಷ್ಟಿ ಆಗ್ತದೆ." ಈ ಮಾತು ಕೇಳದ ಮನೆ ನಮ್ಮಲ್ಲಿ ಇಲ್ಲ. ಇದರ ಹಿಂದೆ ಹಿರಿಯರ ಅನುಭವವಿದೆ. ಗರ್ಭ ನಿಲ್ಲದೆ ಹೋಗುವುದು ಹೆಚ್ಚಾಗಿ ಈ ಅವಧಿಯಲ್ಲೇ ಎಂದು ಅವರಿಗೆ ಗೊತ್ತಿತ್ತು. ಆದರೆ ಊರಿನ ತುಂಬಿದ ಮನೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಅತ್ತೆಗೋ ಅಜ್ಜಿಗೋ ತಿಳಿಯುತ್ತಿತ್ತು. ಇಲ್ಲಿ ಹಾಗಲ್ಲ. ಗಂಡ ರಾತ್ರಿ ಶಿಫ್ಟಿನಲ್ಲಿ, ತಾಯಿ ವಿಜಯಪುರದಲ್ಲೋ ಗದಗದಲ್ಲೋ, ನೀವು ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ. ಬಾತ್‌ರೂಮಿನಲ್ಲಿ ಒಂದು ಕೆಂಪು ಕಲೆ ಕಂಡಾಗ ಯಾರಿಗೆ ಹೇಳುವುದು? ಬಹಳ ಹೆಣ್ಣುಮಕ್ಕಳು ಯಾರಿಗೂ ಹೇಳದೆ ಬೆಳಗಿನ ತನಕ ಕಾಯುತ್ತಾರೆ. ಹಾಗೆ ಕಾಯಬೇಡಿ ಎನ್ನುವುದಕ್ಕೇ ಈ ಹೊತ್ತಿನ ನನ್ನ ಮಾತು.

ಮೊದಲು ಧೈರ್ಯದ ಮಾತು. ನಾಲ್ಕು ಜನ ಬಸುರಿಯರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮೊದಲ 12 ವಾರಗಳಲ್ಲಿ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಬಹಳ ಮಂದಿಗೆ ಬಸಿರು ಮುಂದುವರಿದು ಮಗು ಚೆನ್ನಾಗಿಯೇ ಹುಟ್ಟುತ್ತದೆ. ಸ್ಕ್ಯಾನಿನಲ್ಲಿ ಮಗುವಿನ ಹೃದಯ ಬಡಿತ ಕಂಡಿತೆಂದರೆ, ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಬಸಿರುಗಳು ಉಳಿಯುತ್ತವೆ. ಆದ್ದರಿಂದ ರಕ್ತ ಕಂಡಿತು ಎಂದರೆ ಎಲ್ಲ ಮುಗಿಯಿತು ಎಂದು ಅರ್ಥವಲ್ಲ. ಹಾಗೆಂದು "ಎಲ್ಲರಿಗೂ ಆಗ್ತದೆ ಬಿಡು" ಎಂದು ಸುಮ್ಮನಿರುವುದೂ ಸರಿಯಲ್ಲ.

ರಕ್ತ ಯಾಕೆ ಬರುತ್ತದೆ?

ಗರ್ಭ ಕಟ್ಟಿ ಗೋಡೆಗೆ ಅಂಟಿಕೊಳ್ಳುವ ದಿನಗಳಲ್ಲಿ, ಅಂದರೆ ಮುಟ್ಟಿನ ದಿನ ಹತ್ತಿರವಾದಾಗ, ಒಂದೆರಡು ಹನಿ ಕಾಣಬಹುದು. ಬಸಿರಿನಲ್ಲಿ ಗರ್ಭಕೋಶದ ಬಾಯಿ ಮೃದುವಾಗಿ, ಅಲ್ಲಿ ರಕ್ತದ ಓಡಾಟ ಹೆಚ್ಚಾಗಿರುತ್ತದೆ; ಗಂಡ ಹೆಂಡತಿ ಸೇರಿದ ಮೇಲೆ ಸ್ವಲ್ಪ ಕಂಡರೆ ಅದಕ್ಕೂ ಇದೇ ಕಾರಣವಿರಬಹುದು. ಸೋಂಕು ಅಥವಾ ಬಾಯಿಯ ಹತ್ತಿರದ ಸಣ್ಣ ಗಂಟಿನಿಂದಲೂ ಬರಬಹುದು. ಕೆಲವರ ಸ್ಕ್ಯಾನ್ ರಿಪೋರ್ಟಿನಲ್ಲಿ "ಸಬ್‌ಕೋರಿಯಾನಿಕ್ ಹೆಮಟೋಮಾ" ಎಂದು ಬರೆದಿರುತ್ತಾರೆ. ಗರ್ಭದ ಚೀಲದ ಪಕ್ಕದಲ್ಲಿ ಸ್ವಲ್ಪ ರಕ್ತ ನಿಂತಿದೆ ಎಂದು ಅದರ ಅರ್ಥ. ಸಣ್ಣದಿದ್ದರೆ ಹೆಚ್ಚಾಗಿ ತಾನಾಗಿಯೇ ಕರಗುತ್ತದೆ.

ಇನ್ನು ಕೆಲವರಿಗೆ ಇದು ಗರ್ಭಪಾತದ ಆರಂಭ. ಅಪರೂಪಕ್ಕೆ ಮುತ್ತುಗರ್ಭ, ಅಂದರೆ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಬೆಳವಣಿಗೆ ಆಗಿರುತ್ತದೆ.

ನಾನು ಹೆಚ್ಚು ಹೆದರುವುದು ಇನ್ನೊಂದಕ್ಕೆ. ಗರ್ಭ, ಗರ್ಭಕೋಶದ ಒಳಗೆ ಕೂಡದೆ ಹೊರಗೆ, ಸಾಮಾನ್ಯವಾಗಿ ನಾಳದಲ್ಲಿ ಬೆಳೆಯುವುದು. ಇದಕ್ಕೆ ಎಕ್ಟೋಪಿಕ್ ಎನ್ನುತ್ತೇವೆ. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗಾಗುತ್ತವೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ಹೊರಗೆ ಕಾಣುವುದು ಮಾತ್ರ ಒಂದಿಷ್ಟು ಕಂದು ಬಣ್ಣದ ಕಲೆ! ಇದನ್ನು ದಯವಿಟ್ಟು ನೆನಪಿಡಿ: ಎಷ್ಟು ರಕ್ತ ಹೋಯಿತು ಎನ್ನುವುದರ ಮೇಲೆ ಅಪಾಯ ಎಷ್ಟು ಎಂದು ಮನೆಯಲ್ಲಿ ಕುಳಿತು ಹೇಳಲಾಗದು. ಜಾಸ್ತಿ ಹೋದವರ ಮಗು ಆರಾಮಾಗಿ ಇರಬಹುದು. ಕಲೆ ಮಾತ್ರ ಕಂಡವರಿಗೆ ಆಪರೇಷನ್ ಬೇಕಾಗಬಹುದು.

ಇದೇ ಕಾರಣಕ್ಕೆ, ಬಸಿರು ಬೇಡವೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ಎಕ್ಟೋಪಿಕ್ ಇದ್ದರೆ ಆ ಮಾತ್ರೆ ಕೆಲಸ ಮಾಡದು. ರಕ್ತ ಹೋದದ್ದನ್ನು ನೋಡಿ "ಎಲ್ಲ ಆಯಿತು" ಎಂದುಕೊಂಡಿರುವಾಗಲೇ ನಾಳ ಒಡೆಯಬಹುದು.

ಯಾವಾಗ ಹೊರಡಬೇಕು?

ಕಲೆ ಮಾತ್ರ ಇದ್ದು, ನೋವು ಸುಸ್ತು ಏನೂ ಇಲ್ಲದಿದ್ದರೆ, ಆವತ್ತೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹೊತ್ತಿಗೆ ತೋರಿಸಿ. ಆದರೆ ಇವುಗಳಲ್ಲಿ ಒಂದಿದ್ದರೂ ಅರ್ಧರಾತ್ರಿಯಾದರೂ ಸರಿ, ಹೊರಡಿ:

- ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಒಂದು ಬದಿಗೆ, ಜೋರು ನೋವು
- ಭುಜದ ತುದಿಯಲ್ಲಿ ನೋವು
- ತಲೆ ಸುತ್ತು, ಕಣ್ಣು ಕತ್ತಲೆ, ಬವಳಿ
- ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವುದು, ಗಡ್ಡೆ ಗಡ್ಡೆಯಾಗಿ ಹೋಗುವುದು
- ಜ್ವರ, ಚಳಿ, ಕೆಟ್ಟ ವಾಸನೆಯ ಸ್ರಾವ

ಇಂಥ ಸ್ಥಿತಿಯಲ್ಲಿ ನೀವೇ ಸ್ಕೂಟಿ ಓಡಿಸಿಕೊಂಡು ಹೋಗಬೇಡಿ. ಪಕ್ಕದ ಮನೆಯವರನ್ನು ಎಬ್ಬಿಸಿ, ಇಲ್ಲವೇ 108ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಸಿಸ್ಟರ್ ಮೊದಲು ಕೇಳುವುದು, "ಶೇವಟ್‌ಚೀ ಪಾಳೀ ಕಧೀ ಆಲೀ?" ಕೊನೆಯ ಮುಟ್ಟು ಯಾವಾಗ ಎಂದು. ಆ ತಾರೀಕು ಬರೆದಿಟ್ಟುಕೊಂಡಿರಿ. ಭಾಷೆ ಬಾರದೆಂದು ಸಂಕೋಚಪಟ್ಟು ಅರ್ಧ ಹೇಳಬೇಡಿ. ಕನ್ನಡ ಬಲ್ಲವರೊಬ್ಬರನ್ನು ಫೋನಿನಲ್ಲಾದರೂ ಜೊತೆಗಿಟ್ಟುಕೊಳ್ಳಿ. ಸ್ಕ್ಯಾನಿಗೆ ಮೊದಲು ಗುರುತಿನ ಚೀಟಿ ಕೇಳಿ ಫಾರ್ಮ್ ತುಂಬಿಸುತ್ತಾರೆ. ಅದು ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ನಿಯಮ, ಗಾಬರಿ ಬೇಡ. ಮೊದಲ ವಾರಗಳಲ್ಲಿ ಒಳಗಿನಿಂದ ಸ್ಕ್ಯಾನ್ ಮಾಡಬೇಕಾಗುತ್ತದೆ. ಇದರಿಂದ ಗರ್ಭಕ್ಕೆ ಏನೂ ತೊಂದರೆಯಿಲ್ಲ. ಐದು ವಾರಕ್ಕೆ ಹೃದಯ ಬಡಿತ ಕಾಣದಿರುವುದು ಸಹಜ. ಅಂಥವರಿಗೆ 7ರಿಂದ 14 ದಿನ ಬಿಟ್ಟು ಮತ್ತೆ ನೋಡುತ್ತೇವೆ. ಬಸಿರಿನ ಹಾರ್ಮೋನನ್ನು 48 ಗಂಟೆಗಳ ಅಂತರದಲ್ಲಿ ಎರಡು ಸಲ ಅಳೆಯುವುದೂ ಉಂಟು. ನಿಮ್ಮ ರಕ್ತದ ಗುಂಪು ನೆಗೆಟಿವ್ ಇದ್ದರೆ ತಪ್ಪದೆ ಹೇಳಿ. ಆಂಟಿ-ಡಿ ಇಂಜೆಕ್ಷನ್ ಬೇಕೆಂದಾದರೆ 72 ಗಂಟೆಗಳೊಳಗೆ ಕೊಡಬೇಕು.

"ಪಪ್ಪಾಯಿ ತಿಂದಿದ್ದೆಯಾ?"

ಗರ್ಭ ಹೋದ ಹುಡುಗಿಗೆ ನಾವು ಕೇಳುವ ಮೊದಲ ಪ್ರಶ್ನೆ ಇದು. ಮೆಟ್ಟಿಲು ಹತ್ತಿದೆಯಾ, ಕ್ಯಾಬಿನಲ್ಲಿ ಆಫೀಸಿಗೆ ಹೋದೆಯಾ, ಲ್ಯಾಪ್‌ಟಾಪ್ ಇಟ್ಟುಕೊಂಡೆಯಾ? ಆರಂಭದಲ್ಲೇ ಹೋಗುವ ಗರ್ಭಗಳಲ್ಲಿ ಅರ್ಧದಷ್ಟು, ಇನ್ನೂ ಹೆಚ್ಚೇ, ಕ್ರೋಮೋಸೋಮಿನ ಏರುಪೇರಿನಿಂದ ಹೋಗುತ್ತವೆ. ಅದು ಬಹುಪಾಲು ಬೀಜ ಕೂಡಿದ ಗಳಿಗೆಯಲ್ಲೇ ನಿರ್ಧಾರವಾಗಿರುತ್ತದೆ. ದಿನದ ಕೆಲಸವಾಗಲಿ, ಎರಡು ಹೋಳು ಹಣ್ಣಾದ ಪಪ್ಪಾಯಿಯಾಗಲಿ ಕಾರಣವಲ್ಲ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ. ಪ್ರೊಜೆಸ್ಟರಾನ್ ಔಷಧಿಯನ್ನು ಬ್ರಿಟನ್ನಿನಲ್ಲಿ ರಕ್ತಸ್ರಾವವಿದ್ದ 4,000ಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಪರೀಕ್ಷಿಸಿದರು. ಅದರ ಫಲಿತಾಂಶ 2019ರಲ್ಲಿ ಬಂತು. ಮೊದಲೂ ಗರ್ಭಪಾತವಾಗಿದ್ದವರಿಗೆ ಸ್ವಲ್ಪ ಉಪಯೋಗ ಕಂಡಿತು, ಉಳಿದವರಿಗೆ ಅಷ್ಟಾಗಿ ಇಲ್ಲ. ಹಾಗಾಗಿ ಗೆಳತಿಯ ಚೀಟಿ ನೋಡಿ ಮಾತ್ರೆ ತರಿಸಬೇಡಿ.

ಗರ್ಭ ಹೋದ ಮೇಲೆ

ಸ್ಕ್ಯಾನಿನಲ್ಲಿ ಗರ್ಭ ನಿಂತಿಲ್ಲ ಎಂದು ಖಚಿತವಾದರೆ ದಾರಿ ಮೂರು: ತಾನಾಗಿ ಹೋಗಲೆಂದು ಕಾಯುವುದು, ಮಾತ್ರೆ, ಇಲ್ಲವೇ ಸಣ್ಣ ಪ್ರೊಸೀಜರ್. ಯಾವುದಾದರೂ ಸರಿ, ಸೋಂಕಿನ ಮೇಲೆ ಕಣ್ಣಿರಲಿ. ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ ನಿಮಗೆಲ್ಲ ನೆನಪಿರಬೇಕು. ಅವರದು 17 ವಾರದ ಬಸಿರು, ಮೂರು ತಿಂಗಳು ದಾಟಿತ್ತು. ಐರ್ಲೆಂಡಿನ ಗಾಲ್ವೇಯಲ್ಲಿ ಗರ್ಭಪಾತ ಶುರುವಾಗಿ, ಮಗು ಉಳಿಯುವುದಿಲ್ಲವೆಂದು ತಿಳಿದ ಮೇಲೂ, ಭ್ರೂಣದ ಹೃದಯ ಬಡಿಯುತ್ತಿದೆ ಎಂದು ಗರ್ಭ ತೆಗೆಯಲಿಲ್ಲ. ಸೋಂಕು ರಕ್ತಕ್ಕೇರಿತು. 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ವಯಸ್ಸು 31. ಸೋಂಕಿನ ಲಕ್ಷಣಗಳನ್ನು ಸಕಾಲಕ್ಕೆ ಗುರುತಿಸಲಿಲ್ಲ ಎಂದು ತನಿಖೆಗಳು ಹೇಳಿದವು. 2018ರಲ್ಲಿ ಆ ದೇಶದ ಜನ ಮತ ಹಾಕಿ ಸಂವಿಧಾನವನ್ನೇ ಬದಲಿಸಿದರು. ನಮ್ಮಲ್ಲಿ 1971ರಿಂದಲೇ ತಾಯಿಯ ಜೀವ ಉಳಿಸಲು ಕಾನೂನಿನ ಅವಕಾಶವಿದೆ. ಆದರೆ ಜ್ವರ ಬಂದ ದಿನ ಆಸ್ಪತ್ರೆ ತಲುಪಿದರೆ ಮಾತ್ರ ಆ ಅವಕಾಶ ಉಪಯೋಗಕ್ಕೆ ಬರುತ್ತದೆ.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಗರ್ಭಪಾತವಾದರೆ ಸಂಬಳ ಸಹಿತ ಆರು ವಾರಗಳ ರಜೆ ಕಾನೂನಿನ ಹಕ್ಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಬಂದದ್ದು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ಕೇಳಿ. ಸೋಮವಾರ ರಕ್ತ ಹೋಗಿ ಬುಧವಾರ ಲಾಗಿನ್ ಆಗುವ ಹುಡುಗಿಯರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಈ ಹಕ್ಕಿನ ವಿಷಯ ತಿಳಿಸಿ.

ಕೊನೆಗೆ, ದೃಷ್ಟಿಯ ಭಯವಿದ್ದರೆ ಊರಿಗೆಲ್ಲ ಹೇಳಬೇಡಿ, ನಾನೂ ಒಪ್ಪುತ್ತೇನೆ. ಮೂವರಿಗೆ ಮಾತ್ರ ಹೇಳಿ: ಗಂಡನಿಗೆ, ಡಾಕ್ಟರಿಗೆ, ಮತ್ತು ಇದೇ ಸೊಸೈಟಿಯಲ್ಲಿ ರಾತ್ರಿ ಎರಡಕ್ಕೆ ಬಾಗಿಲು ಬಡಿದರೆ ಎದ್ದು ಬರುವ ಒಬ್ಬ ಗೆಳತಿಗೆ. ಆ ಮೂರನೆಯವರು ನಾವಾಗೋಣ. ನಮ್ಮ ವೇದಿಕೆಯ ಹಿರಿಯರೇ, ಯಾರಾದರೂ ಹುಡುಗಿ "ಅಕ್ಕಾ, ರಕ್ತ ಕಾಣಿಸಿದೆ" ಎಂದು ಫೋನ್ ಮಾಡಿದರೆ ಪಪ್ಪಾಯಿಯ ಮಾತು ಎತ್ತಬೇಡಿ. "ಬಂದೆ, ಚಪ್ಪಲಿ ಹಾಕಿಕೊಂಡು ಕೆಳಗೆ ಬಾ" ಎನ್ನಿ.

 ಎಲ್ಲರೆದುರು ಕೇಳಲು ಸಂಕೋಚವಿದ್ದವರು ಚೀಟಿಯಲ್ಲಿ ಬರೆದು ಕೊಡಿ, ಉತ್ತರಿಸುತ್ತೇನೆ.