ಉದ್ರಿ ಖಾತೆಯ ಇನ್ನೊಂದು ಪ್ರತಿ



ದೇವಣಿ ಎಂದರೆ ಹೊರಗಿನವರಿಗೆ ದನದ ತಳಿಯ ಹೆಸರು. ಇಲ್ಲಿ ಕೂತ ನಿಮಗೋ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ. ಎಲ್ಲವೂ ನಡೆಯುವುದು ಉದ್ರಿಯ ಮೇಲೆ. ಆ ಖಾತೆ ಪುಸ್ತಕ ಎಲ್ಲಿದೆ? ಗಲ್ಲಾಪೆಟ್ಟಿಗೆಯ ಕೆಳಗೆ, ಒಂದೇ ಒಂದು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದು, ಆ ಸೀಮೆಯಲ್ಲಿ ಸುಮಾರು 10,000 ಜನ ಸತ್ತರು. ಆ ಸಾವುಗಳ ಮುಂದೆ ಖಾತೆಯ ಮಾತು ಸಣ್ಣದು, ಒಪ್ಪುತ್ತೇನೆ. ಆದರೂ ಉಳಿದವನು ಮತ್ತೆ ಅಂಗಡಿ ಇಡಬೇಕಲ್ಲ? ಪುಸ್ತಕ ಮಣ್ಣುಪಾಲಾದರೆ ಅಂಗಡಿಯವನ ಬಾಕಿ ಹೋಯಿತು. ಅರ್ಧ ತೀರಿಸಿದ ಕೂಲಿಯವನ ಸಾಕ್ಷಿಯೂ ಹೋಯಿತು. ಇದನ್ನು ನಾವು ಮರೆಯುತ್ತೇವೆ.

ಈಗ ಮೊಬೈಲಿನಲ್ಲಿ ಬರೆಯುತ್ತೀರಿ, ಒಳ್ಳೆಯದು. ಆದರೆ ಮೊಬೈಲೂ ಪುಸ್ತಕವೂ ಒಂದೇ ಸೂರಿನಡಿ ಇದ್ದರೆ ಎರಡೂ ಒಟ್ಟಿಗೇ ಹೋದಾವು. ವಾರಕ್ಕೊಮ್ಮೆ ಪ್ರತಿ ತೆಗೆದು ಉದಗೀರದಲ್ಲೋ ನಿಲಂಗಾದಲ್ಲೋ ನಂಬಿಕೆಯ ನೆಂಟರಲ್ಲಿ ಇಡಿರಿ. ಗುಪ್ತ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೊಬೈಲಿನ ಬೆನ್ನಿಗೆ ಅಂಟಿಸಬೇಡಿ. ನಗಬೇಡಿ, ನೋಡಿದ್ದೇನೆ! ಮನೆಯವರಲ್ಲಿ ಒಬ್ಬರಿಗೆ ಹೇಳಿಟ್ಟರೆ ಸಾಕು. ಉದ್ರಿ ಒಯ್ದವರಿಗೂ ತಿಂಗಳಿಗೊಮ್ಮೆ ಅವರ ಲೆಕ್ಕದ ಚೀಟಿ ಬರೆದುಕೊಡಿ. ಪುಸ್ತಕ ಹೋದ ದಿನ ಆ ಚೀಟಿಗಳನ್ನು ಕೂಡಿಸಿ ಖಾತೆಯನ್ನು ಮತ್ತೆ ಬರೆಯಬಹುದು.